ಅರ್ಜಿಯ ಬಲಮೂಲೆಯ ಫೋಟೊ: ಯಾರು ಕೇಳಬಹುದು, ಯಾವಾಗ ಕೇಳಬಹುದು?

ಕಳೆದ ವರ್ಷ ನನ್ನ ಅಕ್ಕನ ಮಗಳು ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದಳು. ಬಿ.ಕಾಂ ಮುಗಿಸಿದ್ದಾಳೆ. ಟ್ಯಾಲಿ ಚೆನ್ನಾಗಿ ಗೊತ್ತು. ಎರಡು ವರ್ಷ ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ರಿಟರ್ನ್ ಹಾಕಿದ ಅನುಭವವಿದೆ. ಅರ್ಜಿಯಲ್ಲಿ ಇದನ್ನೆಲ್ಲ ಕೇಳಿದ್ದರು, ಸರಿ. ಕೊನೆಗೆ ಒಂದು ಸಾಲಿತ್ತು: 'ಇತ್ತೀಚಿನ ಫುಲ್ ಸೈಜ್ ಫೋಟೊ ಕಡ್ಡಾಯ.' ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ಲೆಕ್ಕ ಬರೆಯೋಕೆ ನನ್ನ ಫುಲ್ ಫೋಟೊ ಯಾಕೆ ಬೇಕು?"

ಅವಳ ಕೆನ್ನೆಯಿಂದ ಕತ್ತಿನವರೆಗೆ ತೊನ್ನಿನ ಬಿಳಿ ಮಚ್ಚೆಗಳಿವೆ. ಆ ಪ್ರಶ್ನೆಯನ್ನು ಅವಳು ಸುಮ್ನೆ ಕೇಳಿದ್ದಲ್ಲ. ಆ ಹೊತ್ತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹೀಗೆ ಕೇಳಲು ಕಾನೂನಿನ ಒಪ್ಪಿಗೆ ಇದೆಯಾ, ಕೊಡುವುದಿಲ್ಲ ಎನ್ನುವ ಹಕ್ಕು ನಮಗಿದೆಯಾ ಎಂದು ಆಮೇಲೆ ಹುಡುಕುತ್ತಾ ಹೋದೆ. ಅದರಿಂದ ತಿಳಿದದ್ದು ಇದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯ ಜೊತೆ ಫೋಟೊ ಕೇಳಲೇಬಾರದು ಎಂದು ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ಸರ್ಕಾರಿ ನೇಮಕಾತಿಯಲ್ಲಿ ಫೋಟೊ ಕೊಡದಿದ್ದರೆ ಅರ್ಜಿಯೇ ತಿರಸ್ಕಾರವಾಗುತ್ತದೆ. ಆದರೆ ಆ ಫೋಟೊ ನೋಡಿ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದಕ್ಕೆ ಕೆಲವು ಕಾನೂನುಗಳ ತಡೆ ಇದೆ. ಆ ತಡೆ ಎಲ್ಲಿ ಗಟ್ಟಿ, ಎಲ್ಲಿ ತೂತು ಎನ್ನುವುದನ್ನು ತಿಳಿದುಕೊಳ್ಳಬೇಕು.

ನಮ್ಮಲ್ಲಿ ಮದುವೆಗೆ ಕಳಿಸುವ ಹಾಳೆಗೂ ಬಯೋಡೇಟಾ ಅನ್ನುತ್ತೇವೆ, ಕೆಲಸಕ್ಕೆ ಕಳಿಸುವ ಹಾಳೆಗೂ ಬಯೋಡೇಟಾ ಅನ್ನುತ್ತೇವೆ. ಎರಡರಲ್ಲೂ ಫೋಟೊ, ಅಪ್ಪನ ಹೆಸರು, ಊರು, ಹುಟ್ಟಿದ ದಿನ. ಈ ಅಭ್ಯಾಸ ಎಷ್ಟು ಹಳೆಯದೆಂದರೆ, ಫೋಟೊ ಯಾಕೆ ಎಂದು ಕೇಳಿದರೆ ಅಧಿಕಪ್ರಸಂಗ ಅನ್ನಿಸಿಕೊಳ್ಳಬೇಕಾಗುತ್ತದೆ. ಆದರೂ ಕೇಳಬೇಕು. ಯಾಕೆಂದರೆ ಅರ್ಜಿಯಲ್ಲಿ ಫೋಟೊ ಮಾಡುವ ಕೆಲಸ ಎರಡು. ಎರಡಕ್ಕೂ ಸಂಬಂಧವೇ ಇಲ್ಲ.

ಗುರುತಿಗೆ ಒಂದು, ಆಯ್ಕೆಗೆ ಒಂದು

ಸಿಇಟಿ ಅರ್ಜಿಯನ್ನೇ ನೋಡಿ. ಪರೀಕ್ಷಾ ಪ್ರಾಧಿಕಾರ ಫೋಟೊ ಕೇಳುತ್ತದೆ. ಅದು ಪ್ರವೇಶ ಪತ್ರದ ಮೇಲೆ ಅಚ್ಚಾಗುತ್ತದೆ. ಪರೀಕ್ಷೆಯ ದಿನ ಮೇಲ್ವಿಚಾರಕರು ಆ ಫೋಟೊವನ್ನೂ ಎದುರಿಗೆ ಕೂತವರ ಮುಖವನ್ನೂ ಹೋಲಿಸಿ ನೋಡುತ್ತಾರೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬಂದು ಪರೀಕ್ಷೆ ಬರೆಯಬಾರದು, ಅಷ್ಟೇ. ಸೀಟು ಕೊಡುವಾಗ ಕಂಪ್ಯೂಟರ್ ನೋಡುವುದು ರ‍್ಯಾಂಕ್, ಮೀಸಲಾತಿ ವರ್ಗ, ನೀವು ತುಂಬಿದ ಆಯ್ಕೆಪಟ್ಟಿ. ನಿಮ್ಮ ಮೂಗು ಹೇಗಿದೆ ಎಂದು ಅದು ನೋಡುವುದಿಲ್ಲ. ಇಲ್ಲಿ ಫೋಟೊ ಗುರುತಿನ ಕೆಲಸವನ್ನಷ್ಟೇ ಮಾಡುತ್ತದೆ. ನನ್ನ ಮಟ್ಟಿಗೆ ಅದು ಪೂರ್ತಿ ಸರಿ.

ನೀಟ್‌ನಲ್ಲಿ ಮುಖದ 80% ಭಾಗ ಕಾಣಬೇಕು, ಕಿವಿ ಕಾಣಬೇಕು, ಹಿಂದೆ ಬಿಳಿ ಬಣ್ಣ ಇರಬೇಕು ಎಂಬ ನಿಯಮಗಳೆಲ್ಲ ಹುಟ್ಟಿದ್ದು ಇದೇ ಕಾರಣಕ್ಕೆ. ಫೋಟೊದಲ್ಲಿ ಗಡ್ಡ ಇದ್ದರೆ ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಮೂರಕ್ಕೂ ಅದೇ ರೀತಿ ಬರಬೇಕು ಎಂದು ಯುಪಿಎಸ್‌ಸಿ ಹೇಳುವುದೂ ಅದಕ್ಕೇ. ಬೇರೆಯವರ ಹೆಸರಿನಲ್ಲಿ ನಟಿಸಿ ಮೋಸ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧ. ಅದನ್ನು ಹಿಡಿಯಲು ಏನಾದರೊಂದು ಗುರುತು ಬೇಕೇ ಬೇಕು.

ಈಗ ಅಕೌಂಟ್ಸ್ ಕೆಲಸದ ಆ ಅರ್ಜಿಗೆ ಬನ್ನಿ. ಅಲ್ಲಿ ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. ಒಬ್ಬ ಮನುಷ್ಯ ಕೂತು ನೂರಾರು ಅರ್ಜಿ ತಿರುವಿ ಹಾಕುತ್ತಾನೆ. ಹತ್ತು ಜನರನ್ನು ಕರೆಯುತ್ತಾನೆ. ಆ ಹಂತದಲ್ಲಿ ಯಾರನ್ನೂ ಯಾರ ಜೊತೆಗೂ ಹೋಲಿಸಿ ಗುರುತು ಹಿಡಿಯಬೇಕಾಗಿಲ್ಲ. ಹಾಗಾದರೆ ಫೋಟೊ ಅಲ್ಲಿ ಮಾಡುವ ಕೆಲಸ ಏನು? ನೋಡಿದವನ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಹುಟ್ಟಿಸುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಫುಲ್ ಸೈಜ್ ಅಂದಾಗಲಂತೂ ಎತ್ತರ, ದಪ್ಪ, ಬಟ್ಟೆ ಎಲ್ಲ ಬಂತು.

ಪಟ್ಟಿಯನ್ನು ಅಂಕ ತೀರ್ಮಾನಿಸುವ ಕಡೆ ಫೋಟೊ ನಿರಪಾಯ. ಪಟ್ಟಿಯನ್ನು ಕಣ್ಣು ತೀರ್ಮಾನಿಸುವ ಕಡೆ ಅದು ಅಪಾಯ. ಇಡೀ ವಿಷಯವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಅಮೆರಿಕದಲ್ಲಿ ಫೋಟೊ ಬಂದ ಕತೆ, ಹೋದ ಕತೆ

ಗುರುತಿಗೆಂದು ಬಂದ ಫೋಟೊ ಆಯ್ಕೆಯ ಆಯುಧವಾದ ಉದಾಹರಣೆ ಬೇಕಿದ್ದರೆ ಅಮೆರಿಕದ ಚರಿತ್ರೆ ನೋಡಬೇಕು. 1914ರಲ್ಲಿ, ವುಡ್ರೊ ವಿಲ್ಸನ್ ಅಧ್ಯಕ್ಷರಾಗಿದ್ದಾಗ, ಅಲ್ಲಿನ ಸಿವಿಲ್ ಸರ್ವಿಸ್ ಆಯೋಗ ಸರ್ಕಾರಿ ನೌಕರಿಯ ಅರ್ಜಿಗೆ ಫೋಟೊ ಕಡ್ಡಾಯ ಮಾಡಿತು. ಕೊಟ್ಟ ಕಾರಣ ನಮಗೆ ಚೆನ್ನಾಗಿ ಗೊತ್ತಿರುವುದೇ: ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆ ಬರೆಯುವುದನ್ನು ತಡೆಯಬೇಕು.

ಆದರೆ ಅಲ್ಲಿ ಇನ್ನೊಂದು ನಿಯಮವೂ ಇತ್ತು. ಪರೀಕ್ಷೆಯಲ್ಲಿ ಮೇಲೆ ಬಂದ ಮೂವರ ಹೆಸರನ್ನು ಇಲಾಖೆಯ ಅಧಿಕಾರಿಗೆ ಕಳಿಸುತ್ತಿದ್ದರು. ಅವರಲ್ಲಿ ಒಬ್ಬರನ್ನು ಅವರು ಆರಿಸಿಕೊಳ್ಳಬಹುದಿತ್ತು. ಫೋಟೊ ಇಲ್ಲದಿದ್ದಾಗ ಆ ಮೂರು ಹೆಸರಲ್ಲಿ ಕಪ್ಪು ಜನಾಂಗದವರು ಯಾರು ಎಂದು ತಿಳಿಯುವುದು ಸುಲಭವಿರಲಿಲ್ಲ. ಫೋಟೊ ಬಂದ ಮೇಲೆ ಒಂದು ನೋಟ ಸಾಕಾಯಿತು. ಮೊದಲ ಸ್ಥಾನದಲ್ಲಿದ್ದ ಕಪ್ಪು ಅಭ್ಯರ್ಥಿಯನ್ನು ಬಿಟ್ಟು ಎರಡನೆಯವರನ್ನೋ ಮೂರನೆಯವರನ್ನೋ ತೆಗೆದುಕೊಂಡರೆ ನಿಯಮ ಮುರಿದಂತೆಯೂ ಆಗುತ್ತಿರಲಿಲ್ಲ. ರೈಲ್ವೆ ಅಂಚೆಯ ಕಪ್ಪು ನೌಕರರು ಕಟ್ಟಿಕೊಂಡ ಸಂಘ ಈ ಫೋಟೊ ನಿಯಮದ ವಿರುದ್ಧ ವರ್ಷಗಟ್ಟಲೆ ಹೋರಾಡಿತು. ನಿಯಮ ಹೋದದ್ದು 1940ರಲ್ಲಿ. ಗುರುತಿಗೆ ಫೋಟೊದ ಜಾಗದಲ್ಲಿ ಬೆರಳಚ್ಚು ಬಂತು.

ಈ ಕತೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಬೆರಳಚ್ಚು. ಗುರುತು ಬೇಕೆಂಬ ಅವರ ಮಾತು ನಿಜವೇ ಆಗಿದ್ದರೂ, ಅದಕ್ಕೆ ಮುಖವೇ ಬೇಕಾಗಿರಲಿಲ್ಲ. ಬೆರಳಚ್ಚು ನೋಡಿ ಯಾರೂ ಯಾರ ಬಣ್ಣವನ್ನೂ ಹೇಳಲಾರರು.

ಶಿಕ್ಷಣ ಸಂಸ್ಥೆಗಳೂ ಹಿಂದೆ ಬಿದ್ದಿರಲಿಲ್ಲ. 1920ರ ದಶಕದ ಆರಂಭದಲ್ಲಿ ಹಾರ್ವರ್ಡ್‌ಗೆ ಸೇರುವವರಲ್ಲಿ ಯಹೂದಿ ವಿದ್ಯಾರ್ಥಿಗಳು ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಆಗಿದ್ದರು. ಅದನ್ನು ಕಡಿಮೆ ಮಾಡಬೇಕೆಂದು ಅಲ್ಲಿನ ಅಧ್ಯಕ್ಷ ಎ. ಲಾರೆನ್ಸ್ ಲೊವೆಲ್ ಹೊರಟರು. ಇಷ್ಟೇ ಜನ ಎಂದು ಬಹಿರಂಗವಾಗಿ ಮಿತಿ ಹಾಕಲು ವಿರೋಧ ಬಂತು. ಆಗ ಅರ್ಜಿಯೇ ಬದಲಾಯಿತು. ಧರ್ಮ ಯಾವುದು, ತಾಯಿಯ ತವರಿನ ಹೆಸರೇನು, ಮನೆಯ ಹೆಸರನ್ನು ಯಾವಾಗಲಾದರೂ ಬದಲಿಸಿದ್ದೀರಾ ಎಂಬ ಪ್ರಶ್ನೆಗಳು ಸೇರಿದವು. ಆಮೇಲೆ ಫೋಟೊ ಕೂಡ ಬಂತು. ಎಲ್ಲೂ ಯಾರನ್ನೂ ಬೇಡ ಅನ್ನಲಿಲ್ಲ. ಕಾಗದವೇ ಆ ಕೆಲಸ ಮಾಡಿತು.

ಇವತ್ತು ಅಮೆರಿಕದಲ್ಲಿ ಉದ್ಯೋಗ ತಾರತಮ್ಯದ ದೂರು ನೋಡುವ ಸಮಾನ ಉದ್ಯೋಗಾವಕಾಶ ಆಯೋಗ ನೇರವಾಗಿ ಹೇಳುತ್ತದೆ: ಅರ್ಜಿದಾರರ ಫೋಟೊ ಕೇಳಬೇಡಿ, ಗುರುತಿಗೆ ಬೇಕಿದ್ದರೆ ಕೆಲಸ ಕೊಟ್ಟು, ಅವರು ಒಪ್ಪಿಕೊಂಡ ಮೇಲೆ ತೆಗೆದುಕೊಳ್ಳಿ. ಇದು ಆಯೋಗದ ಮಾರ್ಗಸೂಚಿ. ಕೇಳಿದ ಮಾತ್ರಕ್ಕೆ ಇಡೀ ದೇಶದ ಮಟ್ಟದಲ್ಲಿ ಶಿಕ್ಷೆ ಅಂತ ಇಲ್ಲ. ಆದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಣ್ಣ, ಜನಾಂಗ, ಧರ್ಮ, ಲಿಂಗ ನೋಡಿ ನೌಕರಿ ಕೊಡುವುದನ್ನು ಖಾಸಗಿ ಕಂಪನಿಗಳಿಗೂ ನಿಷೇಧಿಸಿದೆ. ಫೋಟೊ ಕೇಳಿದ್ದೇ ನಾಳೆ ಕೋರ್ಟಿನಲ್ಲಿ ಕಂಪನಿಯ ವಿರುದ್ಧ ಸಾಕ್ಷಿಯಾಗಬಹುದು. ಆ ಭಯಕ್ಕೆ ಅಲ್ಲಿನ ಕಂಪನಿಗಳು ಫೋಟೊ ಮುಟ್ಟುವುದಿಲ್ಲ. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ನಮ್ಮ ಹುಡುಗರಿಗೆ 'ರೆಸ್ಯೂಮೆಯಿಂದ ಫೋಟೊ ತೆಗಿ' ಎಂದು ಸೀನಿಯರ್‌ಗಳು ಹೇಳುವುದು ಇದಕ್ಕೇ. ಕ್ಯಾಲಿಫೋರ್ನಿಯಾದಲ್ಲಂತೂ ರಾಜ್ಯದ ನಿಯಮವೇ ಫೋಟೊ ಕಡ್ಡಾಯ ಮಾಡುವುದನ್ನು ತಡೆಯುತ್ತದೆ. ನಟನೆಯಂಥ, ರೂಪವೇ ಕೆಲಸದ ಭಾಗವಾಗಿರುವ ಕಡೆ ಮಾತ್ರ ವಿನಾಯಿತಿ.

ಫೋಟೊ ನೋಡಿದರೆ ನಿಜಕ್ಕೂ ಏನಾದರೂ ಬದಲಾಗುತ್ತಾ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಜರ್ಮನಿಯಲ್ಲಿ ರೆಸ್ಯೂಮೆಗೆ ಫೋಟೊ ಹಚ್ಚುವುದು ಈಗಲೂ ವಾಡಿಕೆ. ಅಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಯುವತಿಯ ಫೋಟೊ, ಒಂದೇ ಓದು, ಒಂದೇ ಅನುಭವ ಇಟ್ಟುಕೊಂಡು ಮೂರು ಬಗೆಯ ಅರ್ಜಿ ಕಳಿಸಿದರು. ಜರ್ಮನ್ ಹೆಸರಿದ್ದಾಗ 18.8% ಅರ್ಜಿಗಳಿಗೆ ಸಂದರ್ಶನದ ಕರೆ ಬಂತು. ಟರ್ಕಿಶ್ ಹೆಸರಿದ್ದಾಗ 13.5%. ಅದೇ ಟರ್ಕಿಶ್ ಹೆಸರಿನ ಜೊತೆ ಫೋಟೊದಲ್ಲಿ ತಲೆಗೆ ಸ್ಕಾರ್ಫ್ ಇದ್ದಾಗ ಬರೀ 4.2%. ಹೆಸರು ಮಾಡಿದ ನಷ್ಟಕ್ಕಿಂತ ಫೋಟೊ ಮಾಡಿದ ನಷ್ಟ ದೊಡ್ಡದು.

ಇಸ್ರೇಲ್‌ನ ಅಧ್ಯಯನ ಇನ್ನೂ ವಿಚಿತ್ರ. ಅಲ್ಲಿ 5,312 ಅರ್ಜಿಗಳನ್ನು ಕಳಿಸಿದ್ದರು. ಚೆಂದದ ಗಂಡಸಿನ ಫೋಟೊ ಇದ್ದ ಅರ್ಜಿಗೆ 19.9% ಕರೆ, ಫೋಟೊ ಇಲ್ಲದ ಗಂಡಸಿನ ಅರ್ಜಿಗೆ 9.2%. ಹೆಂಗಸರ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಫೋಟೊ ಇಲ್ಲದವರಿಗೆ 16.6%, ಚೆಂದದವರಿಗೆ 12.8%. ಅಂದರೆ ಚೆಂದವಾಗಿರುವ ಹುಡುಗಿಗೂ ಫೋಟೊದಿಂದ ನಷ್ಟವೇ. ಸಾಧಾರಣ ರೂಪದ ಹುಡುಗಿಗೂ ನಷ್ಟವೇ.

ನಮ್ಮ ದೇಶದಲ್ಲಿ ಫೋಟೊ ಇಲ್ಲದೆ ಹೆಸರಷ್ಟೇ ಬದಲಿಸಿ ಮಾಡಿದ ಪ್ರಯೋಗವಿದೆ. ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಸಮಾನ ಅರ್ಹತೆಯ ಅರ್ಜಿ ಕಳಿಸಿದ ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಮೇಲ್ಜಾತಿಯ ಹಿಂದೂ ಹೆಸರಿಗಿಂತ ಕಡಿಮೆ ಕರೆ ಬಂದವು. ಹೆಸರೇ ಇಷ್ಟು ಹೇಳುವಾಗ ಹಣೆಯ ಕುಂಕುಮ, ವಿಭೂತಿ, ಗಡ್ಡ, ಟೋಪಿ, ಮೈಬಣ್ಣ ಎಲ್ಲ ಒಂದೇ ಚೌಕದಲ್ಲಿ ಕಾಣಿಸುವ ಫೋಟೊ ಎಷ್ಟು ಹೇಳುತ್ತದೆ, ಯೋಚಿಸಿ.

'ಹೇಗೂ ಇಂಟರ್‌ವ್ಯೂನಲ್ಲಿ ಮುಖ ನೋಡ್ತಾರಲ್ಲ, ಈಗ ಬಚ್ಚಿಟ್ಟು ಏನು ಪ್ರಯೋಜನ?' ಎಂದು ತುಂಬಾ ಜನ ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳಿದರು. ವ್ಯತ್ಯಾಸವಿದೆ. ಸಂದರ್ಶನದಲ್ಲಿ ನೀವು ಮಾತಾಡುತ್ತೀರಿ. ಜಿಎಸ್‌ಟಿ ಬಗ್ಗೆ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟರೆ ಎದುರಿನವರ ಗಮನ ಕೆನ್ನೆಯಿಂದ ಮಾತಿಗೆ ಹೋಗುತ್ತದೆ. ಫೋಟೊಗೆ ಬಾಯಿಲ್ಲ. ಬೇಡ ಅಂತ ಪಕ್ಕಕ್ಕಿಟ್ಟ ಅರ್ಜಿಗೆ ತನ್ನ ಪರವಾಗಿ ಒಂದು ಮಾತು ಹೇಳುವ ಅವಕಾಶವೂ ಇರುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಫೋಟೊ ಇದ್ದೇ ಇರುತ್ತದೆ ಎಂಬ ಮಾತಿಗೂ ಹೀಗೇ ಹೇಳುತ್ತೇನೆ: ಅಲ್ಲಿ ಹಾಕುವುದು ಬಿಡುವುದು ನಿಮ್ಮಿಷ್ಟ. ಅರ್ಜಿಯಲ್ಲಿ ಕಡ್ಡಾಯ ಅನ್ನುವುದು ಬೇರೆ.

ನಮ್ಮ ಕಾನೂನು ಏನು ಹೇಳುತ್ತದೆ

ಸರ್ಕಾರ ಕೆಲಸ ಕೊಡುವಾಗ ಸಂವಿಧಾನದ ಕಣ್ಣು ಅದರ ಮೇಲಿರುತ್ತದೆ. 16ನೇ ವಿಧಿಯ 2ನೇ ಖಂಡ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸ ಇವುಗಳ ಕಾರಣಕ್ಕಷ್ಟೇ ಯಾರಿಗೂ ಸರ್ಕಾರಿ ಕೆಲಸ ನಿರಾಕರಿಸಬಾರದು ಅನ್ನುತ್ತದೆ. ಕಾರಣವಿಲ್ಲದೆ ಮನಸ್ಸಿಗೆ ಬಂದಂತೆ ಮಾಡಿದರೆ 14ನೇ ವಿಧಿ ಅಡ್ಡ ಬರುತ್ತದೆ. ಹಾಗಾಗಿ ಕೆಪಿಎಸ್‌ಸಿಯಂಥ ಸಂಸ್ಥೆ ಗುರುತಿಗೆ ಫೋಟೊ ಕೇಳಬಹುದು. ರೂಪ ನೋಡಿ ಪಟ್ಟಿ ಮಾಡಿದರೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಿಂದ ಬಂದ ಅಳತೆಗೋಲು ಸರಳ: ಸರ್ಕಾರ ನಮ್ಮ ಖಾಸಗಿ ವಿಷಯಕ್ಕೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ಒಪ್ಪುವಂಥ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೇಳಬೇಕು.

ತೊಡಕು ಬರುವುದು ಖಾಸಗಿ ಕಂಪನಿಯ ಹತ್ತಿರ. ಸಂವಿಧಾನದ ಈ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿಯವರಿಗೆ ಅಮೆರಿಕದ 1964ರ ಕಾಯ್ದೆಯಂಥ ಒಂದೇ ದೊಡ್ಡ ಕಾನೂನು ನಮ್ಮಲ್ಲಿಲ್ಲ. ಇರುವುದು ತುಂಡು ತುಂಡು ರಕ್ಷಣೆ. ಹೆಣ್ಣು ಎಂಬ ಕಾರಣಕ್ಕೆ ನೇಮಕಾತಿಯಲ್ಲಿ ತಾರತಮ್ಯ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ಅದೂ ಲಿಂಗದ ಆಧಾರದ ತಾರತಮ್ಯವನ್ನು ತಡೆಯುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನೇಮಕಾತಿಯಲ್ಲಿ ಭೇದ ಮಾಡಬಾರದು, ಪ್ರತಿ ಸಂಸ್ಥೆಯಲ್ಲೂ ದೂರು ಕೇಳುವ ಅಧಿಕಾರಿ ಇರಬೇಕು ಅನ್ನುತ್ತದೆ. ಅಂಕಪಟ್ಟಿಯ ಹೆಸರು ಒಂದು, ಫೋಟೊದ ಮುಖ ಇನ್ನೊಂದು ಎಂದು ದಿನವೂ ಪ್ರಶ್ನೆ ಎದುರಿಸುವವರಿಗೆ ಈ ಮಾತು ಗೊತ್ತಿರಬೇಕು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಖಾಸಗಿ ಸಂಸ್ಥೆಗಳನ್ನು ಹೊರಗೆ ಬಿಟ್ಟಿಲ್ಲ. ಸಮಾನ ಅವಕಾಶದ ನೀತಿಯನ್ನು ಅವರೂ ಪ್ರಕಟಿಸಬೇಕು. ಅದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಆಸಿಡ್ ದಾಳಿಗೆ ಒಳಗಾದವರು, ಕುಷ್ಠದಿಂದ ಗುಣವಾದವರು, ಕುಳ್ಳತನ ಇರುವವರು ಎಲ್ಲ ಅದರಲ್ಲಿ ಬರುತ್ತಾರೆ. ಆಸಿಡ್ ದಾಳಿಯಿಂದ ಬದುಕಿ ಬಂದ ಹೆಣ್ಣುಮಗಳಿಗೆ 'ಫೋಟೊ ಕಡ್ಡಾಯ' ಅನ್ನುವ ಸಾಲು ಹೇಗೆ ಕಾಣಿಸಬಹುದು? ಫೋಟೊ ನೋಡಿ ಅವಳನ್ನು ಕೈಬಿಟ್ಟರೆ ಅದು ಈ ಕಾನೂನಿಗೆ ವಿರುದ್ಧ. ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಈ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ತೊನ್ನು ಅದರಲ್ಲಿಲ್ಲ. ವೈಕಲ್ಯ ಅಲ್ಲ, ನಿಜ. ಅವಳ ಕೈಕಾಲು, ಕಣ್ಣು, ಬುದ್ಧಿ ಎಲ್ಲ ಚೆನ್ನಾಗಿದೆ. ಆದರೆ ಅದನ್ನು ನೋಡಿ ಖಾಸಗಿ ಕಂಪನಿ ಅವಳನ್ನು ಬಿಟ್ಟರೆ ಕೇಳಲು ಒಂದು ಕಲಂ ಇಲ್ಲ. ಕಪ್ಪು ಬಣ್ಣಕ್ಕೂ ಇಲ್ಲ, ದಪ್ಪಕ್ಕೂ ಇಲ್ಲ, ಬೆಂಕಿಯಿಂದ ಮುಖದ ಮೇಲಾದ ಸುಟ್ಟ ಗಾಯಕ್ಕೂ ಇಲ್ಲ. ಸಂವಿಧಾನದ 15ನೇ ವಿಧಿ ಹೆಸರಿಸುವ ಕಾರಣಗಳಲ್ಲಿ ಮೈಬಣ್ಣ ಎಂಬ ಪದವೇ ಇಲ್ಲ. ನಮ್ಮ ಕಾನೂನಿನ ಅತಿ ದೊಡ್ಡ ತೂತು ಇದು ಅಂತ ನನಗನ್ನಿಸುತ್ತದೆ. ಇಲ್ಲಿ ಕಾನೂನು ಬರಬೇಕು.

ದಕ್ಷಿಣ ಕೊರಿಯಾದಲ್ಲಿ ಆ ಮಟ್ಟಿಗೆ ಪ್ರಯತ್ನ ನಡೆದಿದೆ. ಅಲ್ಲಿ 2017ರಿಂದ ಸರ್ಕಾರಿ ವಲಯದ ನೇಮಕಾತಿ ಅರ್ಜಿಯಿಂದ ಫೋಟೊ ತೆಗೆದರು. 2019ರ ತಿದ್ದುಪಡಿಯ ಪ್ರಕಾರ 30ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಖಾಸಗಿ ಸಂಸ್ಥೆ ಕೂಡ ಕೆಲಸಕ್ಕೆ ಸಂಬಂಧವಿಲ್ಲದ ರೂಪ, ಎತ್ತರ, ತೂಕ, ಹುಟ್ಟೂರು, ಮದುವೆ, ಆಸ್ತಿಯ ವಿವರ ಕೇಳುವಂತಿಲ್ಲ. ಕೇಳಿದರೆ ದಂಡ. ಫ್ರಾನ್ಸ್ 2006ರಲ್ಲಿ ಹೆಸರು, ಫೋಟೊ ಇಲ್ಲದ ಅರ್ಜಿಯನ್ನು 50ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಂಪನಿಗಳಿಗೆ ಕಡ್ಡಾಯ ಮಾಡಿತು. ಆದರೆ ಜಾರಿಯ ಆದೇಶ ಬರಲೇ ಇಲ್ಲ. 2015ರಲ್ಲಿ ಅದು ಐಚ್ಛಿಕವಾಯಿತು. ಜರ್ಮನಿಗೆ ನರ್ಸಿಂಗ್ ಕೆಲಸಕ್ಕೆ ಹೋಗುವ ನಮ್ಮವರು ಈಗ ಇದ್ದಾರೆ. ಅವರಿಗೆ ಒಂದು ಮಾತು: ಅಲ್ಲಿ ಫೋಟೊ ಹಚ್ಚುವುದು ರೂಢಿ, ಆದರೆ 2006ರ ಸಮಾನ ವರ್ತನೆಯ ಕಾನೂನು ಬಂದ ಮೇಲೆ ಕಡ್ಡಾಯ ಅಂತ ಕೇಳುವುದನ್ನು ಕಂಪನಿಗಳು ಬಿಟ್ಟಿವೆ.

ಶಾಲೆಯ ಅರ್ಜಿ

ಬೆಂಗಳೂರಿನ ಖಾಸಗಿ ಶಾಲೆಗಳ ಪ್ರವೇಶದ ಅರ್ಜಿ ನೋಡಿದವರಿಗೆ ಗೊತ್ತಿರುತ್ತದೆ. ಮಗುವಿನ ಫೋಟೊ, ಪಕ್ಕದಲ್ಲಿ ಅಪ್ಪನ ಫೋಟೊ, ಅಮ್ಮನ ಫೋಟೊ. ಕೆಲವು ಕಡೆ ಮನೆಯವರೆಲ್ಲ ಇರುವ ಫ್ಯಾಮಿಲಿ ಫೋಟೊ. ಜೊತೆಗೆ ಅಪ್ಪ ಅಮ್ಮನ ಓದು, ಕೆಲಸ, ವರಮಾನ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಇಲ್ಲಿ ನಮ್ಮ ಕೈಲಿರುವ ಒಳ್ಳೆಯ ಅಸ್ತ್ರ. ಮಗುವನ್ನು ಸೇರಿಸಿಕೊಳ್ಳುವಾಗ ಶಾಲೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯುವಂತಿಲ್ಲ. ಜರಡಿ ಎಂದರೇನು ಎನ್ನುವುದಕ್ಕೂ ಕಾಯ್ದೆ ವಿವರಣೆ ಕೊಟ್ಟಿದೆ: ಲಾಟರಿಯಂಥ ವಿಧಾನ ಬಿಟ್ಟು, ಒಂದು ಮಗುವಿಗಿಂತ ಇನ್ನೊಂದು ಮಗುವನ್ನು ಆರಿಸುವ ಯಾವುದೇ ಕ್ರಮ. ಮೊದಲ ಸಲ ತಪ್ಪು ಮಾಡಿದರೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ್ದು. ಅಲ್ಪಸಂಖ್ಯಾತರ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾಯ್ದೆಯಲ್ಲಿ ಫೋಟೊ ಎಂಬ ಪದವಿಲ್ಲ. ಆದರೆ ಯೋಚಿಸಿ. ಸೀಟು ಲಾಟರಿಯಲ್ಲಿ ಬರುವುದಾದರೆ ಅಪ್ಪ ಅಮ್ಮನ ಫೋಟೊ ಮುಂಚೆಯೇ ಯಾಕೆ? ಮಧ್ಯಾಹ್ನ ಮಗುವನ್ನು ಕರೆದುಕೊಂಡು ಹೋಗಲು ಬಂದವರು ನಿಜವಾಗಿ ಅಮ್ಮನೇ ಎಂದು ಗೇಟಿನಲ್ಲಿ ಗುರುತು ಹಿಡಿಯಬೇಕು. ಅದು ಮಗುವಿನ ಸುರಕ್ಷತೆಯ ವಿಷಯ, ನಾನೂ ಒಪ್ಪುತ್ತೇನೆ. ಅದಕ್ಕೆ ಫೋಟೊ ಬೇಕಾಗುವುದು ಸೀಟು ಸಿಕ್ಕ ಮೇಲೆ. ಸೀಟು ಸಿಗದ ನೂರಾರು ಮನೆಗಳ ಫೋಟೊ ಇಟ್ಟುಕೊಂಡು ಶಾಲೆ ಏನು ಮಾಡುತ್ತದೆ?

ಸರ್ಕಾರದ ಅನುದಾನ ಪಡೆಯುವ ಶಾಲೆ ಕಾಲೇಜುಗಳಿಗೆ ಇನ್ನೊಂದು ಕಟ್ಟುಪಾಡಿದೆ. ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕಷ್ಟೇ ಪ್ರವೇಶ ನಿರಾಕರಿಸಬಾರದು ಎಂದು ಸಂವಿಧಾನದ 29ನೇ ವಿಧಿಯ 2ನೇ ಖಂಡ ಹೇಳುತ್ತದೆ.

ಕೊಟ್ಟ ಫೋಟೊ ಎಲ್ಲಿಗೆ ಹೋಗುತ್ತದೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ಮುಖದ ಫೋಟೊ ನಿಮ್ಮ ವೈಯಕ್ತಿಕ ದತ್ತಾಂಶ. ಒಪ್ಪಿಗೆ ಪಡೆದು ತೆಗೆದುಕೊಳ್ಳುವವರು ಯಾವ ಉದ್ದೇಶಕ್ಕೆ ಎಂದು ಹೇಳಬೇಕು. ಆ ಉದ್ದೇಶಕ್ಕೆ ಅಗತ್ಯವಾದಷ್ಟಕ್ಕೇ ಒಪ್ಪಿಗೆ ನಿಲ್ಲುತ್ತದೆ. ಉದ್ದೇಶ ಮುಗಿದ ಮೇಲೆ ಅಳಿಸಬೇಕು. 18 ವರ್ಷದೊಳಗಿನವರದ್ದಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಸರಿಯಾಗಿ ಕಾಪಾಡದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಕಲಂಗಳ ಜಾರಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಲೆಕ್ಕ ಹಾಕಿದರೆ 2027ರ ಮೇ.

ಇದರಲ್ಲೂ ಒಂದು ಮಿತಿ ಇದೆ. ಕಂಪ್ಯೂಟರಿಗೆ ಹೋದ ಮಾಹಿತಿಗೆ ಮಾತ್ರ ಈ ಕಾಯ್ದೆ. ಗೋಂದು ಹಚ್ಚಿ ಅಂಟಿಸಿದ ಫೋಟೊ ಇರುವ ಕಾಗದದ ಅರ್ಜಿ ಕಪಾಟಿನಲ್ಲೇ ಉಳಿದರೆ ಅದು ಇದರೊಳಗೆ ಬರುವುದಿಲ್ಲ. ಆ ಕಾಗದ ಮುಂದೊಂದು ದಿನ ಹಳೆ ಪೇಪರ್ ಅಂಗಡಿಗೆ ಹೋದರೂ ಈ ಕಾಯ್ದೆ ಏನೂ ಮಾಡಲಾರದು. ಫೋಟೊ, ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಒಂದೇ ಹಾಳೆಯಲ್ಲಿ. ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಯೋಚಿಸಲೇಬೇಕು.

ಹಾಗಾದರೆ ಏನು ಮಾಡಬಹುದು? ಸರ್ಕಾರಿ ಪರೀಕ್ಷೆ, ಸಿಇಟಿ, ನೀಟ್ ಅರ್ಜಿಗೆ ಹೇಳಿದ ಅಳತೆಯ ಫೋಟೊ ಕೊಡಿ. ಅಲ್ಲಿ ವಾದ ಬೇಡ. ಸ್ಟುಡಿಯೊದವರು ಕೇಳದೆಯೇ ಮುಖ ಬೆಳ್ಳಗೆ ಮಾಡಿ, ಮಚ್ಚೆ ಅಳಿಸಿ ಕೊಡುತ್ತಾರೆ. ಅದನ್ನು ಬೇಡ ಅನ್ನಿ. ಗುರುತಿನ ಫೋಟೊ ತಿದ್ದಿದರೆ ಪರೀಕ್ಷಾ ಕೇಂದ್ರದಲ್ಲಿ ಮುಖ ಹೊಂದದೆ ನಿಮಗೇ ತೊಂದರೆ.

ಖಾಸಗಿ ಕೆಲಸಕ್ಕೆ ಕೇಳದೇ ಇದ್ದರೆ ರೆಸ್ಯೂಮೆಯಲ್ಲಿ ಫೋಟೊ ಹಾಕಲೇಬೇಡಿ. ಕೇಳಿದರೆ, ಯಾಕೆ ಬೇಕು ಎಂದು ಮೇಲ್ ಮಾಡಿ ಕೇಳಬಹುದು. ಮೇಲ್‌ನಲ್ಲಿ ಕೇಳಿ, ಫೋನಿನಲ್ಲಲ್ಲ. ಉತ್ತರ ಬರಹದಲ್ಲಿ ಉಳಿಯುತ್ತದೆ. ಸಂದರ್ಶನದ ದಿನ ಗುರುತಿನ ಚೀಟಿ ತೋರಿಸುತ್ತೇನೆ, ಕೆಲಸಕ್ಕೆ ಸೇರಿದಾಗ ಫೋಟೊ ಕೊಡುತ್ತೇನೆ ಎಂದು ಬರೆಯಬಹುದು. ಕೆಲವರು ಒಪ್ಪುವುದಿಲ್ಲ. ಕೆಲಸ ತುರ್ತಾಗಿ ಬೇಕಿರುವವರು ಆಗ ಫೋಟೊ ಕೊಟ್ಟರೆ ಅದರಲ್ಲಿ ತಪ್ಪೇನಿಲ್ಲ. ಹಟ ಹಿಡಿಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಫುಲ್ ಸೈಜ್ ಕೇಳಿದ ಕಡೆ ಪಾಸ್‌ಪೋರ್ಟ್ ಸೈಜ್ ಕೊಟ್ಟು ನೋಡಿ. ಕೆಲಸ ಸಿಗದಿದ್ದರೆ, ನನ್ನ ಫೋಟೊ ಅಳಿಸಿ ಎಂದು ಒಂದು ಸಾಲು ಬರೆದು ಕಳಿಸಿ.

ಇದೇ ಲೇಖನವನ್ನು ನೇಮಕಾತಿ ಮಾಡುವವರು ಓದುತ್ತಿದ್ದರೆ ಅವರಲ್ಲೂ ಒಂದು ಕೇಳಿಕೆ. ನಿಮ್ಮ ಅರ್ಜಿ ನಮೂನೆಯ ಬಲಮೂಲೆಯ ಆ ಚೌಕವನ್ನು ಜಾಯಿನಿಂಗ್ ಫಾರಂಗೆ ಸರಿಸಿ. ಖರ್ಚಿಲ್ಲ, ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ.

ಅಕ್ಕನ ಮಗಳು ಆ ಕಂಪನಿಗೆ ಫೋಟೊ ಇಲ್ಲದೆ ಅರ್ಜಿ ಕಳಿಸಿದಳು. ಸೇರಿದರೆ ಕೊಡುತ್ತೇನೆ ಎಂದು ಕೆಳಗೆ ಒಂದು ಸಾಲು ಬರೆದಿದ್ದಳು. ಅಲ್ಲಿಂದ ಉತ್ತರವೇ ಬರಲಿಲ್ಲ. ಹಾಗೇ ಇನ್ನೂ ಆರು ಕಡೆ ಕಳಿಸಿದಳು. ಎರಡು ಕಡೆಯಿಂದ ಕರೆ ಬಂತು, ಒಂದು ಕಡೆ ಕೆಲಸವಾಯಿತು. ಸೇರಿದ ದಿನ ಐಡಿ ಕಾರ್ಡಿಗೆ ಎಂದು ಎರಡು ಫೋಟೊ ಕೇಳಿದರು. ಸಂಜೆ ಮನೆ ಹತ್ತಿರದ ಸ್ಟುಡಿಯೊಗೆ ನಾನೂ ಜೊತೆಗೆ ಹೋಗಿದ್ದೆ. ಫೋಟೊ ತೆಗೆದವನು ಕಂಪ್ಯೂಟರಿನಲ್ಲಿ ಕೆನ್ನೆಯ ಮಚ್ಚೆಯ ಮೇಲೆ ಮೌಸ್ ಇಟ್ಟಿದ್ದ. "ಬೇಡ ಅಣ್ಣ, ಹಾಗೇ ಬಿಡಿ" ಅಂದಳು. ಅವನು ಪ್ರಿಂಟ್ ಕೊಟ್ಟ.